ಡಿಸ್ಪ್ರೋಸಿಯಂ ಹರಳು: ಕಾಂತೀಯ, ವಿದ್ಯುತ್ ಗುಣಗಳು

ಡಿಸ್ಪ್ರೋಸಿಯಂ ಷಡ್ಭುಜೀಯ ಹರಳಿನ ವಿರಳಭಸ್ಮ ಲೋಹ. ಪರಮಾಣು ಸಂಖ್ಯೆ 66. 1950ರ ದಶಕದಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯ ಇದರ ಒಂಟಿ ಹರಳುಗಳ ಗುಣಗಳನ್ನು ಅಳೆಯಿತು. ಕೋಣೆಯ ಉಷ್ಣತೆಯಲ್ಲಿ ಇದು ಅನುಕಾಂತೀಯ, ಅಂದರೆ ತನ್ನಷ್ಟಕ್ಕೆ ಕಾಂತವಲ್ಲ. ಸುಮಾರು 179 ಕೆಲ್ವಿನ್‌ಗಿಂತ ತಂಪಾದರೆ ಸೋಜಿಗ ಶುರು: ಹರಳಿನ ಒಂದೊಂದು ಪರಮಾಣು ಪದರದಲ್ಲೂ ಪರಮಾಣು ಕಾಂತಗಳು ಒಂದೇ ಕಡೆ ಮುಖಮಾಡುತ್ತವೆ, ಆದರೆ ಪದರದಿಂದ ಪದರಕ್ಕೆ ಆ ದಿಕ್ಕು ಸುರುಳಿ ಮೆಟ್ಟಿಲಿನಂತೆ ತಿರುಗುತ್ತ ಹೋಗುತ್ತದೆ. ಹಾಗಾಗಿ ಒಟ್ಟು ಕಾಂತತ್ವ ಸೊನ್ನೆ. ಸುಮಾರು 85 ಕೆಲ್ವಿನ್‌ನಲ್ಲಿ ಸುರುಳಿ ಬಿಚ್ಚಿ ಹರಳು ಫೆರೊಕಾಂತೀಯವಾಗುತ್ತದೆ, ಅಂದರೆ ಎಲ್ಲ ಪದರಗಳೂ ಒಂದೇ ಕಡೆ ಮುಖಮಾಡುತ್ತವೆ. ಇದರ ಗರಿಷ್ಠ ಕಾಂತತ್ವ ಪರಮಾಣುವಿಗೆ 10 ಬೋರ್ ಮ್ಯಾಗ್ನೆಟಾನ್‌ಗೂ (ಪರಮಾಣು ಕಾಂತತ್ವ ಅಳೆಯುವ ಮಾನ) ಹೆಚ್ಚು, ಕಬ್ಬಿಣಕ್ಕಾದರೋ ಬರೀ 2.2. ಈ ಬದಲಾವಣೆಗಳು ವಿದ್ಯುತ್ ಗುಣದಲ್ಲೂ ಕಾಣುತ್ತವೆ. ತಂಪಾದಂತೆ ಲೋಹದ ವಿದ್ಯುತ್ ರೋಧ ಇಳಿಯುವುದು ವಾಡಿಕೆ. ಇಲ್ಲಿ ಪದರಗಳಿಗೆ ಲಂಬವಾಗಿ ಅಳೆದರೆ 179 ಕೆಲ್ವಿನ್‌ನ ಕೆಳಗೆ ಅದು ತುಸು ಏರಿ, ಬಳಿಕ ಇಳಿದು, 85 ಕೆಲ್ವಿನ್‌ನಲ್ಲಿ ಥಟ್ಟನೆ ಕುಸಿಯುತ್ತದೆ.