ಅದ್ಭುತ ಮೀನುಬೇಟೆ

ಇಟಲಿಯ ಕಲಾವಿದ ರಾಫೆಲ್ (1483-1520) ಕ್ರಿಸ್ತನ ಪವಾಡವೊಂದನ್ನು ಚಿತ್ರಿಸಿರುವ, ಕಾಗದದ ಮೇಲಿನ ಅಪಾರದರ್ಶಕ ಜಲವರ್ಣ ಕೃತಿ. ರಚನೆ 1515-16, ಸುಮಾರು 3.2 ಮೀ ಎತ್ತರ, 4 ಮೀ ಅಗಲ. ಪೋಪ್ ಹತ್ತನೆಯ ಲಿಯೊ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾ ಮಂದಿರಕ್ಕೆ ನೇಯಿಸಿದ ಭಿತ್ತಿವಸ್ತ್ರಗಳಿಗಾಗಿ ರಾಫೆಲ್ ಸಿದ್ಧಪಡಿಸಿದ ಮಾದರಿ ಚಿತ್ರಗಳಲ್ಲಿ (ಕಾರ್ಟೂನ್) ಇದು ಒಂದು, ಉಳಿದಿರುವವು ಏಳು. ನೇಯ್ಗೆ ನಡೆದದ್ದು ಬ್ರಸೆಲ್ಸ್‌ನ ಪೀಟರ್ ವಾನ್ ಆಲ್ಸ್ಟ್‌ನ ಕಾರ್ಯಾಗಾರದಲ್ಲಿ.

ವಸ್ತು ಲೂಕನ ಸುವಾರ್ತೆಯ 5ನೆಯ ಅಧ್ಯಾಯದ್ದು: ರಾತ್ರಿಯಿಡೀ ಏನೂ ಸಿಗದ ಬೆಸ್ತರು ಯೇಸುವಿನ ಮಾತಿನಂತೆ ಗೆನೆಜರೇತ್ ಸರೋವರದಲ್ಲಿ ಮತ್ತೆ ಬಲೆ ಬೀಸಿದಾಗ ಅದು ಹರಿಯುವಷ್ಟು ಮೀನು ಬೀಳುತ್ತದೆ. ಬಲತುದಿಯ ದೋಣಿಯಲ್ಲಿ ಯೇಸು ಕುಳಿತಿದ್ದಾನೆ. ಎದುರಿಗೆ ಪೇತ್ರ ಮೊಣಕಾಲೂರಿದ್ದಾನೆ, ಹಿಂದೆ ಅಂದ್ರೆಯ ಕೈಚಾಚಿ ನಿಂತಿದ್ದಾನೆ. ಇನ್ನೊಂದು ದೋಣಿಯಲ್ಲಿ ಯಾಕೋಬ, ಯೋಹಾನರು ಬಾಗಿ ಬಲೆ ಎಳೆಯುತ್ತಿದ್ದಾರೆ. ಇಷ್ಟು ಜನರನ್ನು ಹೊರಲಾರದಷ್ಟು ಪುಟ್ಟ ದೋಣಿಗಳು. ಆಕೃತಿಗಳ ಘನತೆಗೆ ಒತ್ತು ಕೊಡಲು ವಾಸ್ತವವನ್ನು ಬಿಟ್ಟುಕೊಟ್ಟಂತಿದೆ. ದಂಡೆಯಲ್ಲಿ ಮೂರು ಕ್ರೌಂಚ ಪಕ್ಷಿಗಳಿವೆ. ಇವನ್ನು ಎಚ್ಚರದ ಸಂಕೇತವೆಂದು ಅರ್ಥೈಸುವುದುಂಟು.

ನೇಯ್ಗೆಯವರು ಹಿಂಬದಿಯಿಂದ ನೇಯುತ್ತಿದ್ದುದರಿಂದ ಭಿತ್ತಿವಸ್ತ್ರದಲ್ಲಿ ದೃಶ್ಯ ಎಡಬಲ ಅದಲುಬದಲಾಗಿದೆ. ಬಣ್ಣದ ಅಸ್ಥಿರತೆಗೂ ಕೃತಿ ಹೆಸರುವಾಸಿ: ಯೇಸುವಿನ ಕೆಂಪು ನಿಲುವಂಗಿ ಮಾಸಿ ಬಿಳುಪಾಗಿದೆ, ನೀರಿನಲ್ಲಿ ಅದರ ಪ್ರತಿಬಿಂಬ ಮಾತ್ರ ಈಗಲೂ ಕೆಂಪು. ಮುಂದೆ ಇಂಗ್ಲೆಂಡಿನ ದೊರೆಯಾದ ಮೊದಲನೆಯ ಚಾರ್ಲ್ಸ್ 1623ರಲ್ಲಿ, ರಾಜಕುಮಾರನಾಗಿದ್ದಾಗ, ಈ ಕಾರ್ಟೂನುಗಳನ್ನು ಕೊಂಡ. ರಾಜಮನೆತನದ ಸಂಗ್ರಹಕ್ಕೆ ಸೇರಿದ ಇವು 1865ರಿಂದ ಲಂಡನ್ನಿನ ಇಂದಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಎರವಲಾಗಿವೆ. ಮೂಲ ಭಿತ್ತಿವಸ್ತ್ರ ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ.