ಎಎಫ್‌ಸಿ ಕಪ್, 2016

ಎಎಫ್‌ಸಿ ಕಪ್ 2016: ಏಷ್ಯಾದ ಫುಟ್‌ಬಾಲ್ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿಯ ಹದಿಮೂರನೇ ಆವೃತ್ತಿ, ಬೆಂಗಳೂರು ಎಫ್‌ಸಿ ಇದರ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ಅದಕ್ಕೂ ಮುನ್ನ ಡೆಂಪೊ (2008) ಮತ್ತು ಈಸ್ಟ್ ಬೆಂಗಾಲ್ (2013) ಸೆಮಿಫೈನಲ್‌ನಲ್ಲೇ ಎಡವಿದ್ದವು.

ಏಷ್ಯನ್ ಫುಟ್‌ಬಾಲ್ ಒಕ್ಕೂಟ 2004ರಲ್ಲಿ ಈ ಟೂರ್ನಿಯನ್ನು ಆರಂಭಿಸಿತು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ, ಗುಂಪಿನಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್‌ನ ನಂತರ ಎರಡನೇ ಸ್ಥಾನ ಪಡೆಯಿತು. ನಾಕೌಟ್‌ನಲ್ಲಿ ಹಾಂಗ್‌ಕಾಂಗ್‌ನ ಕಿಚಿಯನ್ನು 3–2ರಿಂದ, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ತಂಡವನ್ನು ಒಟ್ಟು 1–0ರಿಂದ ಮಣಿಸಿತು. ಈ ನಡುವೆ ಆಶ್ಲಿ ವೆಸ್ಟ್‌ವುಡ್ ಅವರ ಜಾಗಕ್ಕೆ ಸ್ಪೇನ್‌ನ ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದರು.

ಆವೃತ್ತಿಯ ಅತ್ಯಂತ ರೋಚಕ ರಾತ್ರಿಗೆ ವೇದಿಕೆಯಾದದ್ದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಸೆಮಿಫೈನಲ್‌ನ ಮೊದಲ ಚರಣದಲ್ಲಿ ಹಾಲಿ ಚಾಂಪಿಯನ್ ಜೊಹೊರ್ ವಿರುದ್ಧ 1–1 ಸಮಬಲ ಸಾಧಿಸಿ ಬಂದಿದ್ದ ತಂಡ, ಅಕ್ಟೋಬರ್ 19ರಂದು ತವರಿನಲ್ಲಿ ಮೊದಲು ಗೋಲು ಬಿಟ್ಟುಕೊಟ್ಟಿತು. ನಾಯಕ ಸುನಿಲ್ ಚೆಟ್ರಿ ಎರಡು ಗೋಲು ಬಾರಿಸಿದರು, ಡಿಫೆಂಡರ್ ಹುವಾನನ್ ಮೂರನೆಯದನ್ನು ಸೇರಿಸಿದರು, ಪಂದ್ಯ 3–1. ಪಶ್ಚಿಮ ಸ್ಟ್ಯಾಂಡ್‌ನ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿ ಬಳಗದ ನೀಲಿ ಸಂಭ್ರಮವೂ ಈ ಗೆಲುವಿನ ಭಾಗವೇ.

ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ಅಲ್-ಕುವಾ ಅಲ್-ಜವಿಯಾ 1–0ರಿಂದ ಗೆದ್ದಿತು. 70ನೇ ನಿಮಿಷದ ಏಕೈಕ ಗೋಲು ಹಮ್ಮಾದಿ ಅಹ್ಮದ್ ಅವರದು. 16 ಗೋಲುಗಳೊಂದಿಗೆ ಟೂರ್ನಿಯ ಗರಿಷ್ಠ ಸ್ಕೋರರ್ ಕೂಡ ಅವರೇ. ಅಮಾನತಾಗಿದ್ದ ಅಮರಿಂದರ್ ಸಿಂಗ್ ಬದಲಿಗೆ ಲಾಲ್‌ಥುಅಮ್ಮಾವಿಯಾ ರಾಲ್ಟೆ ಬೆಂಗಳೂರಿನ ಗೋಲು ಕಾಯ್ದರು. ವಿಜೇತ ಕ್ಲಬ್ 2017 ಮತ್ತು 2018ರಲ್ಲೂ ಪ್ರಶಸ್ತಿ ಉಳಿಸಿಕೊಂಡಿತು.