ಕುಂಟೆ (ಬೇಸಾಯದ ಉಪಕರಣ)

ಕುಂಟೆಯು ಅಡ್ಡಲಾಗಿ ಜೋಡಿಸಿದ ಕಬ್ಬಿಣದ ಅಲಗುಳ್ಳ, ಎತ್ತುಗಳಿಂದ ಎಳೆಸುವ ಬೇಸಾಯದ ಉಪಕರಣವಾಗಿದೆ. ಹೊಲದ ಹೆಂಟೆಗಳನ್ನು ಒಡೆಯಲು, ಮೇಲ್ಮಣ್ಣಿನ ಅಡಿಯಲ್ಲಿ ಕಳೆಗಳ ಬೇರನ್ನು ಕತ್ತರಿಸಲು, ಬಿತ್ತಿದ ಬೀಜದ ಮೇಲೆ ಮಣ್ಣು ಮುಚ್ಚಲು ಹಾಗೂ ಬೆಳೆಯ ಸಾಲುಗಳ ನಡುವೆ ಮಣ್ಣು ಸಡಿಲಿಸಲು ಇದನ್ನು ಬಳಸುತ್ತಾರೆ. ಕರ್ನಾಟಕದ ಬಹುಭಾಗದಲ್ಲಿ ಇದು ಪರಿಚಿತವಾಗಿದ್ದರೂ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ರಾಯಚೂರು, ಕಲಬುರಗಿ ಮುಂತಾದ ಜಿಲ್ಲೆಗಳ ಎರೆಭೂಮಿಯಲ್ಲಿ ನೇಗಿಲಿಗಿಂತಲೂ ಹೆಚ್ಚು ಬಳಕೆಯಾಗುತ್ತಿದ್ದ ಉಪಕರಣ ಇದೇ ಆಗಿದೆ.

ಹೆಸರು

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದನ್ನು ‘ಕುಂಟಿ’ ಎನ್ನುತ್ತಾರೆ. ಕುಂಟೆಯಿಂದ ಮಾಡುವ ಕೆಲಸಕ್ಕೆ ‘ಹರಗುವುದು’ ಅಥವಾ ‘ಕುಂಟೆ ಹೊಡೆಯುವುದು’ ಎಂದು ಹೆಸರು. ತೆಲುಗಿನ ಗುಂಟಕ, ಮರಾಠಿಯ ಕುಳವ ಮತ್ತು ಮಧ್ಯ ಭಾರತದ ಬಖರ್ ಇವೆಲ್ಲವೂ ಇದೇ ಕುಟುಂಬಕ್ಕೆ ಸೇರಿದ ಉಪಕರಣಗಳು. ಕೋಲಾರದ ಕಡೆ ಕುಂಟೆ ಎಂದರೆ ಸಣ್ಣ ಕೆರೆ ಎಂಬ ಅರ್ಥವೂ ಇದೆ. ಎಕರೆಯ ನಲವತ್ತನೆಯ ಒಂದು ಭಾಗವಾದ ‘ಗುಂಟೆ’ಯೂ ಬೇರೆಯೇ ಪದ. ಪಠ್ಯಗಳನ್ನು ಓದುವ ವಿದ್ಯಾರ್ಥಿಗಳು ಈ ಮೂರನ್ನೂ ಒಂದೆಂದು ಭಾವಿಸುವುದುಂಟು.

ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರದೇಶಗಳಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಬೇಸಾಯದ ಉಪಕರಣಗಳ ಚಿತ್ರಗಳನ್ನು ಕೊಟ್ಟಿದ್ದಾನೆ. ರಾಗಿ ಹೊಲದಲ್ಲಿ ಎತ್ತು ಕಟ್ಟಿ ಕುಂಟೆ ಹೊಡೆಯುವುದನ್ನು ಆತ ಉಲ್ಲೇಖಿಸಿದ್ದಾನೆ.

ರಚನೆ

ಕುಂಟೆಯ ಮೈ ಎಂದರೆ ದಿಂಡು. ಇದು ಸಾಮಾನ್ಯವಾಗಿ ಜಾಲಿಯಂಥ ಗಟ್ಟಿಮರದ ದಪ್ಪ ತೊಲೆ. ದಿಂಡಿಗೆ ಕೆಳಗಡೆಯಿಂದ ಎರಡು ತಾಳುಗಳನ್ನು ಬಡಿದು ಕೂರಿಸಿರುತ್ತಾರೆ. ತಾಳುಗಳ ತುದಿಗೆ ಅಡ್ಡಲಾಗಿ ಕಬ್ಬಿಣದ ಅಲಗನ್ನು ಬಳೆಗಳಿಂದ ಬಿಗಿಯುತ್ತಾರೆ. ಈ ಅಲಗಿಗೆ ಕುಡ ಎಂದು ಹೆಸರು. ದಿಂಡಿನಿಂದ ಮುಂದಕ್ಕೆ ಹೊರಟ ಈಸುಗಳು ನೊಗವನ್ನು ಸೇರುತ್ತವೆ. ಈಸು ಮತ್ತು ನೊಗವನ್ನು ಮಿಣಿಯಿಂದ ಬಿಗಿಯುತ್ತಾರೆ. ಹಿಂದುಗಡೆ ಹಿಡಿದು ನಡೆಸಲು ಮೇಳಿ ಇರುತ್ತದೆ. ಹರಗುವ ದೊಡ್ಡ ಕುಂಟೆಯ ಕುಡ ಸುಮಾರು 60 ಸೆಂ.ಮೀ.ನಿಂದ ಒಂದು ಮೀಟರಿನವರೆಗೂ, ಸಾಲುಗಳ ನಡುವೆ ಬಳಸುವ ಎಡೆಕುಂಟೆಯ ಕುಡ ಸಾಮಾನ್ಯವಾಗಿ 15ರಿಂದ 30 ಸೆಂ.ಮೀ.ವರೆಗೂ ಇರುತ್ತದೆ.

ನೇಗಿಲಿನಂತೆ ಕುಂಟೆಯು ಮಣ್ಣನ್ನು ಮೊಗಚುವುದಿಲ್ಲ. ಅಲಗು ನೆಲದೊಳಗೆ ಐದರಿಂದ ಹತ್ತು ಸೆಂ.ಮೀ. ಆಳದಲ್ಲಿ ಮಟ್ಟವಾಗಿ ಸಾಗುತ್ತದೆ. ಕತ್ತರಿಸಿದ ಮಣ್ಣು ಅದರ ಮೇಲೆ ಹಾಯ್ದು, ಸಡಿಲಗೊಂಡು, ಇದ್ದಲ್ಲಿಯೇ ಬೀಳುತ್ತದೆ. ಕೆಳಗಿನ ಹಸಿ ಮಣ್ಣು ಬಿಸಿಲಿಗೆ ಬರುವುದಿಲ್ಲ. ಕುಂಟೆಯ ಉಪಯೋಗ ಮತ್ತು ಅದರ ಆರೈಕೆಯ ನಿಯಮಗಳೆಲ್ಲ ಈ ಒಂದು ಗುಣವನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ ಇವೆ.

ಎರೆಮಣ್ಣಿನಲ್ಲಿ ಕುಂಟೆ

ಎರೆಮಣ್ಣಿನಲ್ಲಿರುವ ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಈ ಬಿರುಕುಗಳಲ್ಲಿ ಕೈ ಇಳಿಸಬಹುದು. ಬಿರಿಯುವ ಮತ್ತು ಉಬ್ಬುವ ಈ ಕ್ರಿಯೆಯಿಂದ ಮಣ್ಣು ತನ್ನನ್ನು ತಾನೇ ಸಡಿಲಿಸಿಕೊಳ್ಳುವುದರಿಂದ ಪ್ರತಿವರ್ಷ ಆಳವಾಗಿ ಉಳುವ ಅಗತ್ಯ ಬೀಳುವುದಿಲ್ಲ. ಹಿಂದಿನ ರೈತರು ಕರಿಕೆ ಹಬ್ಬಿದ ಹೊಲಕ್ಕೆ ಹಲವು ವರ್ಷಗಳಿಗೊಮ್ಮೆ ನೇಗಿಲು ಹೂಡಿ, ಉಳಿದ ವರ್ಷಗಳಲ್ಲಿ ಕುಂಟೆಯಿಂದಲೇ ಬೇಸಾಯ ಸಾಗಿಸುತ್ತಿದ್ದರು. 1930ರ ದಶಕದಲ್ಲಿ ವಿಜಯಪುರ, ಸೊಲ್ಲಾಪುರ ಮುಂತಾದ ಕೇಂದ್ರಗಳಲ್ಲಿ ಒಣಬೇಸಾಯದ ಸಂಶೋಧನೆ ನಡೆದು ರೂಪುಗೊಂಡ ಶಿಫಾರಸುಗಳಲ್ಲಿಯೂ ಆಳದ ಉಳುಮೆಗೆ ಮೂರು ವರ್ಷಗಳಿಗೊಮ್ಮೆ, ಹರಗುವುದಕ್ಕೆ ವರ್ಷದಲ್ಲಿ ನಾಲ್ಕೈದು ಸಲ ಎಂಬ ಸ್ಥಾನ ದೊರೆಯಿತು. ರೈತರ ರೂಢಿ ಮತ್ತು ಸಂಶೋಧನೆ ಇಲ್ಲಿ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ನಡೆದಿವೆ.

ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಬೆಳೆಗಳಲ್ಲಿ ಕುಂಟೆಯ ಮಹತ್ವ ಇನ್ನೂ ಹೆಚ್ಚು. ಈ ಬೆಳೆಗಳು ಬಿತ್ತನೆಯ ನಂತರ ಬಹುತೇಕ ಮಳೆಯನ್ನೇ ಕಾಣದೆ, ಮಣ್ಣಿನಲ್ಲಿ ಕೂಡಿಟ್ಟ ತೇವದಿಂದಲೇ ಬೆಳೆದು ತೆನೆಗಟ್ಟಬೇಕು. ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಬಿಟ್ಟು, ಮಳೆ ಬಿದ್ದು ಕಳೆ ಮೊಳೆತಾಗಲೆಲ್ಲ ಹರಗುತ್ತಾರೆ. ಪ್ರತಿ ಸಲವೂ ಕಳೆ ಸಾಯುತ್ತದೆ, ಮೇಲ್ಪದರ ಬಿರಿಯದೆ ಪುಡಿಯಾಗಿ ಉಳಿಯುತ್ತದೆ, ಮುಂದಿನ ಮಳೆ ಹರಿದುಹೋಗದೆ ಇಂಗುತ್ತದೆ. ಮೇಲಿನ ಪುಡಿಮಣ್ಣೇ ತೇವವನ್ನು ಹಿಡಿದಿಡುವ ಹೊದಿಕೆ ಎಂದು ಹಳೆಯ ಕೃಷಿ ಪುಸ್ತಕಗಳು ವಿವರಿಸುತ್ತವೆ. ಆದರೆ ಕಳೆಗಳು ಕುಡಿದುಬಿಡುತ್ತಿದ್ದ ನೀರು ಉಳಿಯುವುದು, ಬಿರುಕುಗಳು ಮುಚ್ಚುವುದು ಇವೆರಡೇ ಇದರ ದೊಡ್ಡ ಲಾಭ ಎನ್ನುವುದು ಹೆಚ್ಚು ಸರಿ.

ಹದ

ಕುಂಟೆ ಹೊಡೆಯುವುದರಲ್ಲಿ ಕಲಿಯಬೇಕಾದ ವಿದ್ಯೆ ಎಂದರೆ ಹದ ನೋಡುವುದು. ಮಳೆ ನಿಂತ ಬಳಿಕ ಹೊಲಕ್ಕೆ ಬೇಗ ಇಳಿದರೆ ಒಂದು ಕೇಡು, ತಡವಾಗಿ ಇಳಿದರೆ ಇನ್ನೊಂದು. ಹಸಿ ಎರೆಯಲ್ಲಿ ಅಲಗು ಮಣ್ಣನ್ನು ಕತ್ತರಿಸದೆ ಸವರುತ್ತದೆ. ದಿಂಡು ಮತ್ತು ತಾಳುಗಳಿಗೆ ಮಣ್ಣು ಮೆತ್ತಿಕೊಂಡು ಎತ್ತುಗಳು ಬಳಲುತ್ತವೆ. ಅಲಗು ಹಾದ ಆಳದಲ್ಲಿ ನುಣುಪಾದ ಬಿಗಿ ಪದರವೊಂದು ಕಟ್ಟಿಕೊಂಡು ಬೇರಿಗೂ ನೀರಿಗೂ ಅಡ್ಡಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಹೊಡೆದರೆ ಕುಡ ನೆಲಕ್ಕೆ ಇಳಿಯದೆ ಜಾರುತ್ತದೆ, ಇಳಿದರೂ ತಲೆಗಾತ್ರದ ಹೆಂಟೆಗಳೇಳುತ್ತವೆ.

ರೈತರು ಬಳಸುವ ಪರೀಕ್ಷೆ ಸರಳವಾದುದು. ಅಲಗು ಹಾಯುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಬೇಕು. ಉಂಡೆ ಚಪ್ಪಟೆಯಾಗಿ ಕೂತರೆ ಹಸಿ ಹೆಚ್ಚಿದೆ. ಒಡೆದು ಹರಡಿದರೆ ಹದ ಬಂದಿದೆ. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. ಮೇಲ್ಮಣ್ಣಿನ ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸಬಾರದು, ಏಕೆಂದರೆ ಎರೆಹೊಲದ ಮೇಲ್ಮೈ ಬೇಗ ಬೆಳ್ಳಗಾದರೂ ನಾಲ್ಕು ಬೆರಳು ಕೆಳಗೆ ಅಂಟು ಉಳಿದಿರುತ್ತದೆ. ಹದದ ದಿನಗಳು ಕೆಲವೇ ಇರುವುದರಿಂದ ಆ ದಿನಗಳಲ್ಲಿ ಊರಿನ ಎಲ್ಲ ಗಳೆಗಳೂ ಹೊಲದಲ್ಲಿರುತ್ತಿದ್ದವು. ಎತ್ತು ಇಲ್ಲದವರು ಬಾಡಿಗೆಗೆ ಕಾದು ಹದ ಕಳೆದುಕೊಳ್ಳುವುದು ಇಂದಿಗೂ ನಡೆಯುತ್ತಿದೆ.

ಎಡೆ ಹೊಡೆಯುವುದು

ಕೂರಿಗೆಯಿಂದ ಸಾಲಾಗಿ ಬಿತ್ತಿದ ಬೆಳೆಯಲ್ಲಿ ಎಡೆಕುಂಟೆ ಹೊಡೆಯುತ್ತಾರೆ. ಒಂದೇ ನೊಗಕ್ಕೆ ಎರಡು ಅಥವಾ ಹೆಚ್ಚು ಎಡೆಕುಂಟೆಗಳನ್ನು ಕಟ್ಟಿ, ಒಂದೊಂದನ್ನು ಒಬ್ಬೊಬ್ಬರು ಹಿಡಿದು ನಡೆಸುವುದುಂಟು. ಎತ್ತುಗಳು ಪೈರಿಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುತ್ತಾರೆ. ಹಿಂಗಾರಿ ಜೋಳಕ್ಕೆ ಬಿತ್ತಿದ 3, 5 ಮತ್ತು 8ನೆಯ ವಾರಗಳ ಸುಮಾರಿಗೆ ಎಡೆ ಹೊಡೆಯಲು ಸಲಹೆ ನೀಡಲಾಗುತ್ತದೆ. ಮೊದಲನೆಯದು ಮುಖ್ಯವಾಗಿ ಕಳೆಗಾಗಿ, ಕೊನೆಯದು ಬಿರುಕು ಮುಚ್ಚುವುದಕ್ಕಾಗಿ. ಬಿರುಕು ಬಿಡಲಾರಂಭಿಸಿದ ಮೇಲೆ ತಡಮಾಡಿದರೆ ಆಳದ ತೇವವೂ ಆ ಬಾಯಿಗಳಿಂದ ಆರಿಹೋಗುತ್ತದೆ, ಜೊತೆಗೆ ಬೇರುಗಳೂ ಹರಿಯುತ್ತವೆ.

ಆಳ ಮತ್ತು ಭಾರ

ಕುಂಟೆಯ ಆಳವನ್ನು ನೊಗ ಕಟ್ಟುವ ಜಾಗದಿಂದ ಹೊಂದಿಸುತ್ತಾರೆ. ನೊಗವನ್ನು ಈಸಿನ ಮೇಲೆ ದಿಂಡಿನತ್ತ ಹಿಂದಕ್ಕೆ ತಂದು ಬಿಗಿದರೆ ಈಸು ಹೆಚ್ಚು ಕಡಿದಾಗಿ ನಿಂತು ಕುಡದ ಮೊನೆ ಮೇಲಕ್ಕೆದ್ದು ಆಳ ಕಡಿಮೆಯಾಗುತ್ತದೆ. ಮುಂದಕ್ಕೆ ಒಯ್ದರೆ ಕುಡ ಹೆಚ್ಚು ಇಳಿಯುತ್ತದೆ. ಮೇಳಿಯನ್ನು ಒತ್ತಿ ಹಿಡಿದೇ ದಿನವಿಡೀ ಆಳ ಕಾಯುವವನು ಹೊಂದಿಕೆ ಸರಿ ಮಾಡಿಕೊಂಡಿಲ್ಲವೆಂದೇ ತಿಳಿಯಬೇಕು.

ಗಟ್ಟಿ ನೆಲದಲ್ಲಿ ದಿಂಡಿನ ಮೇಲೆ ಕಲ್ಲು ಹೇರುವುದು ಅಥವಾ ಹೊಡೆಯುವವನೇ ಹತ್ತಿ ನಿಲ್ಲುವುದು ರೂಢಿ. ಎತ್ತು ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಎಳೆತವನ್ನು ಮಾತ್ರ ದಿನವಿಡೀ ತಾಳಬಲ್ಲದು. ತಲಾ 400 ಕಿಲೋ ತೂಗುವ ಜೋಡಿಗೆ ಇದು ಸುಮಾರು 80 ಕಿಲೋ ಆಗುತ್ತದೆ. ಕೃಷ್ಣಾ ಕಣಿವೆ ತಳಿಯಂಥ ಭಾರಿ ಎತ್ತುಗಳನ್ನು ಎರೆಸೀಮೆಯಲ್ಲಿ ಬೆಳೆಸಿದ್ದಕ್ಕೆ ಕಾರಣವೂ ಇದೇ. ಹಿಂದೆ ಭಾರಕ್ಕೆಂದು ಮಕ್ಕಳನ್ನು ಕುಂಟೆಯ ಮೇಲೆ ಕೂರಿಸುತ್ತಿದ್ದರು. ಮಕ್ಕಳಿಗೂ ಅದು ಸವಾರಿಯಂತೆ ಹಿಡಿಸುತ್ತಿತ್ತು. ಕಲ್ಲಿಗೋ ಬೇರಿಗೋ ತಾಗಿ ಕುಂಟೆ ಜಿಗಿದಾಗ ಮಗು ಮುಂದಕ್ಕೆ ಬಿದ್ದರೆ ಹರಿತವಾದ ಕುಡ ನೇರವಾಗಿ ಅದರತ್ತಲೇ ಬರುತ್ತದೆ. ಈ ಕೆಲಸಕ್ಕೆ ಕಲ್ಲೇ ಆಗಬೇಕು, ಅದನ್ನೂ ಹಗ್ಗದಿಂದ ಬಿಗಿದಿರಬೇಕು.

ಹಲ್ಲುಳ್ಳ ಸಾಧನಗಳೊಂದಿಗೆ ಹೋಲಿಕೆ

ಅಲಗಿನ ಕುಂಟೆಗೆ ಒಂದು ಮಿತಿಯಿದೆ. ಕರಿಕೆ ಮತ್ತು ಜೇಕಿನಂಥ ಕಳೆಗಳನ್ನು ಅದು ಮೇಲೆ ಮೇಲೆ ಕತ್ತರಿಸುತ್ತದೆಯೇ ಹೊರತು ನಿರ್ಮೂಲ ಮಾಡುವುದಿಲ್ಲ. ಕರಿಕೆಯ ತುಂಡುಗಳು ಮತ್ತೆ ಚಿಗುರುತ್ತವೆ, ಜೇಕಿನ ಗಡ್ಡೆಗಳು ಅಲಗಿನ ಕೆಳಗೇ ಉಳಿಯುತ್ತವೆ. ಇಂಥ ಕಡೆ ಹಲ್ಲುಳ್ಳ ಸಾಧನಗಳು ಮೇಲು. ಅಮೆರಿಕದ ಮಿಷಿಗನ್‌ನಲ್ಲಿ ಡೇವಿಡ್ ಗಾರ್ವರ್ 1869ರಲ್ಲಿ ಹಕ್ಕುಪತ್ರ ಪಡೆದ ಸ್ಪ್ರಿಂಗ್ ಹಲ್ಲಿನ ಹ್ಯಾರೋ ಈ ಬಗೆಯದು. ಅದರ ಬಾಗಿದ ಉಕ್ಕಿನ ಹಲ್ಲುಗಳು ಕಲ್ಲಿಗೆ ತಾಗಿದರೆ ಹಿಂದಕ್ಕೆ ಬಾಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತವೆ, ಬಳ್ಳಿಬೇರುಗಳನ್ನು ಕತ್ತರಿಸದೆ ಎಳೆದು ಮೇಲೆ ಹಾಕುತ್ತವೆ. ಇಂದು ನಮ್ಮಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಸ್ಪ್ರಿಂಗ್ ಕಲ್ಟಿವೇಟರಿನಲ್ಲೂ ಹಲ್ಲು ಅಡ್ಡಿಗೆ ಮಣಿದು ಮರಳುವ ಇದೇ ಉಪಾಯವಿದೆ. ಆದರೆ ಹಲ್ಲುಗಳ ನಡುವಿನ ನೆಲ ಕತ್ತರಿಸದೆ ಉಳಿಯುವುದರಿಂದ ಎಳೆಯ ಕಳೆಯನ್ನು ಪೂರ್ತಿ ತೆಗೆಯುವುದರಲ್ಲಿ ಕುಂಟೆಯ ಅಲಗಿಗೆ ಅದು ಸಾಟಿಯಲ್ಲ.

ಕುಡದ ಆರೈಕೆ

ಕುಡ ಮೊಂಡಾದರೆ ಕಳೆ ಕತ್ತರಿಸದೆ ಬಾಗಿ ಜಾರಿಕೊಳ್ಳುತ್ತದೆ. ಬೇರು ಅಲಗಿಗೆ ಸುತ್ತಿಕೊಂಡು ಪದೇ ಪದೇ ಕುಂಟೆ ಎತ್ತಿ ಕೊಡವಬೇಕಾಗುವುದು ಇದರ ಗುರುತು. ಸವೆತದಲ್ಲಿ ಗಮನಿಸಬೇಕಾದ್ದು ಅಂಚಿನ ತಳಭಾಗ. ಅದು ದುಂಡಗಾದರೆ ಎಷ್ಟು ಭಾರ ಹೇರಿದರೂ ಕುಡ ನೆಲಕ್ಕಿಳಿಯುವುದಿಲ್ಲ. ಆದ್ದರಿಂದ ಕುಲುಮೆಯಲ್ಲಿ ಕಾಯಿಸಿ ತಟ್ಟಿಸುವಾಗ ತಳ ಚಪ್ಪಟೆಯಾಗಿಯೂ ಇಳಿಜಾರು ಮೇಲ್ಭಾಗದಲ್ಲಿಯೂ ಇರುವಂತೆ ನೋಡಿಕೊಳ್ಳಬೇಕು.

ಲಾರಿಗಳ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕುಡ ಮಾಡಿಸುವುದು ಈಗ ಸಾಮಾನ್ಯ. ಅದು ಒಳ್ಳೆಯ ಉಕ್ಕೇ ಹೌದು, ಆದರೆ ಕೆಂಪಗೆ ಕಾಯಿಸಿದ ಇಡೀ ಪಟ್ಟಿಯನ್ನು ನೀರಿಗೆ ಅದ್ದಿದರೆ ಗಾಜಿನಂತಾಗಿ ಮೊದಲ ಕಲ್ಲಿಗೇ ಸಿಡಿಯುತ್ತದೆ. ನುರಿತ ಕಮ್ಮಾರರು ಅಂಚನ್ನು ಮಾತ್ರ ಅದ್ದಿ, ಉಳಿದ ಭಾಗದ ಕಾವು ಅಂಚಿಗೆ ಸ್ವಲ್ಪ ಮರಳುವಂತೆ ಬಿಟ್ಟು, ಆಮೇಲೆ ತಣಿಸುತ್ತಾರೆ. ಸಾಣೆ ಯಂತ್ರದಲ್ಲಿ ಕಿಡಿ ಹಾರಿಸಿ ತೀಡಿಸಿದರೆ ಕಬ್ಬಿಣ ವ್ಯರ್ಥವಾಗುವುದಲ್ಲದೆ ಅಂಚು ನೀಲಿಗಟ್ಟಿ ಮೃದುವಾಗುತ್ತದೆ.

ಮರದ ಭಾಗಗಳು

ಕುಂಟೆಯ ಮರ ಕೆಲಸದಲ್ಲಿ ಮುರಿಯುವುದಕ್ಕಿಂತ ಕೆಲಸವಿಲ್ಲದಾಗ ಹಾಳಾಗುವುದೇ ಹೆಚ್ಚು. ಬೇಸಗೆಯ ಬಿಸಿಲಿಗೆ ಮರ ಕುಗ್ಗಿ ತಾಳುಗಳು ಸಡಿಲವಾಗುತ್ತವೆ. ಮಳೆಗಾಲದಲ್ಲಿ ನೆಲಕ್ಕೆ ತಾಗಿದ ತುದಿಗೆ ಗೆದ್ದಲು ಹತ್ತುತ್ತದೆ. ಕೆಲಸ ಮುಗಿದ ದಿನವೇ ಮಣ್ಣು ಕೆರೆದು, ಕುಡಕ್ಕೆ ಎಣ್ಣೆ ಸವರಿ, ನೆರಳಿನಲ್ಲಿ ಗೋಡೆಗೆ ಒರಗಿಸಿ ಅಥವಾ ಸೂರಿನಡಿ ತೂಗುಹಾಕಿ ಇಡಬೇಕು. ಸಡಿಲಾದ ತಾಳನ್ನು ಬಿಗಿಗೊಳಿಸಲು ನೀರಿನಲ್ಲಿ ನೆನೆಸುವುದು ಆ ಹೊತ್ತಿಗೆ ನಡೆಯುತ್ತದೆ, ಒಣಗಿದೊಡನೆ ಮತ್ತೆ ಸಡಿಲಾಗುತ್ತದೆ. ಒಣಮರದ ಬೆಣೆ ಹೊಡೆಯುವುದೇ ಸರಿಯಾದ ದುರಸ್ತಿ. ಒಂದು ತಾಳು ಮಾತ್ರ ಸವೆದು ಗಿಡ್ಡವಾಗಿದ್ದರೆ ಕುಡ ಓರೆಯಾಗಿ, ಹೊಲದಲ್ಲಿ ಒಂದು ಬದಿ ಆಳ, ಇನ್ನೊಂದು ಬದಿ ತೇಲಾಗುತ್ತದೆ. ತಾಳುಗಳನ್ನು ಜೋಡಿಯಾಗಿಯೇ ಬದಲಿಸುವುದು ಒಳಿತು.

ಆಯ ಪದ್ಧತಿ ಮತ್ತು ಇಂದಿನ ಸ್ಥಿತಿ

ಹಿಂದೆ ಈ ದುರಸ್ತಿಗೆ ರೈತ ಹಣ ಕೊಡುತ್ತಿರಲಿಲ್ಲ. ಬಡಿಗ ಮತ್ತು ಕಮ್ಮಾರ ವರ್ಷವಿಡೀ ಗಳೆಸಾಮಾನುಗಳನ್ನು ನೋಡಿಕೊಳ್ಳುತ್ತಿದ್ದರು, ಸುಗ್ಗಿಯಲ್ಲಿ ಕಣದಿಂದ ತಮ್ಮ ಪಾಲಿನ ಕಾಳನ್ನು ಆಯವಾಗಿ ಪಡೆಯುತ್ತಿದ್ದರು. ಎತ್ತುಗಳು ಕಡಿಮೆಯಾದಂತೆ ಈ ಸಂಬಂಧವೂ ಕಳಚಿತು. ಅನೇಕ ಊರುಗಳಲ್ಲಿ ಇಂದು ಕುಂಟೆ ಇದೆ, ಕುಡ ತಟ್ಟುವ ಕುಲುಮೆ ಇಲ್ಲ. ಅದರ ಸ್ಥಾನಕ್ಕೆ ಟ್ರ್ಯಾಕ್ಟರ್ ಕುಂಟೆ, ರೋಟವೇಟರ್, ಸಣ್ಣ ಹಿಡುವಳಿಗಳಲ್ಲಿ ಹಳೆಯ ಸೈಕಲ್ಲಿನ ಗಾಲಿಯಿಂದ ಮಾಡಿದ ಸೈಕಲ್ ಎಡೆಕುಂಟೆ ಬಂದಿವೆ. ಟ್ರ್ಯಾಕ್ಟರ್ ದಿನವೊಂದರಲ್ಲಿ ಮಾಡುವ ಕೆಲಸ ಎತ್ತಿನ ಜೋಡಿಗೆ ಅಸಾಧ್ಯ. ಆದರೆ ಹಸಿ ಎರೆಯಲ್ಲಿ ಅದರ ಭಾರ ಮಣ್ಣನ್ನು ಒತ್ತುತ್ತದೆ, ಪೈರು ಎತ್ತರವಾದ ಮೇಲೆ ಅದು ಸಾಲಿಗೆ ಇಳಿಯಲಾರದು. ಕೊನೆಯ ಎಡೆಗಾಗಿ ಎತ್ತು ಹುಡುಕುವವರು ಇರುವುದು ಈ ಕಾರಣದಿಂದ. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಗ್ರಾಮೀಣ ಬೇಸಾಯದ ಉಪಕರಣಗಳನ್ನು ಪ್ರದರ್ಶನಕ್ಕೆ ಇಡಲಾಗಿದೆ.

ಹಳೆಯ ಕುಂಟೆಯನ್ನು ಮತ್ತೆ ಬಳಸುವಾಗ

ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದ ಕುಂಟೆಯನ್ನು ನೇರವಾಗಿ ಹೊಲಕ್ಕೆ ಒಯ್ಯಬಾರದು. ಮೊದಲು ದಿಂಡನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿದೆ, ಅಂಥ ದಿಂಡು ಸೌದೆಗೆ ಸರಿ. ತಾಳು ಕೂರುವ ತೂತುಗಳ ಸುತ್ತ ಉದ್ದ ಸೀಳು ಬಿಟ್ಟಿದ್ದರೆ ಕಬ್ಬಿಣದ ಪಟ್ಟಿ ಹಾಕಿಸಬಹುದು. ಬಳೆಗಳು ತುಕ್ಕಿನಿಂದ ತೆಳುವಾಗಿದ್ದರೆ ಬದಲಿಸಲೇಬೇಕು, ಏಕೆಂದರೆ ಬಳೆ ಹರಿದಾಗ ಕುಡ ನೆಲದೊಳಗೇ ಉಳಿದು ಎತ್ತಿನ ಇಲ್ಲವೆ ಮನುಷ್ಯನ ಕಾಲಿಗೆ ಸಿಗುತ್ತದೆ. ಕುಂಟೆಯನ್ನು ಮಟ್ಟವಾದ ಕಲ್ಲಿನ ಮೇಲೆ ನಿಲ್ಲಿಸಿ ಕುಡದ ಅಂಚು ಉದ್ದಕ್ಕೂ ಕಲ್ಲಿಗೆ ತಾಗುತ್ತದೆಯೇ ಎಂದು ಪರಿಶೀಲಿಸಬೇಕು. ಆಮೇಲೆ ಬಿತ್ತಿಲ್ಲದ ಹೊಲದಲ್ಲಿ, ಭಾರ ಹೇರದೆ, ಒಂದು ಸಾಲು ಹೊಡೆದು, ಕೈಯಿಂದ ಪುಡಿಮಣ್ಣು ಸರಿಸಿ ಅಲಗು ಹಾದ ತಳವನ್ನು ನೋಡಿದರೆ ಆಳ ಎರಡೂ ಬದಿಗೆ ಒಂದೇ ಇದೆಯೋ ಇಲ್ಲವೋ ತಿಳಿಯುತ್ತದೆ.